ಬೆಳ್ಳುಳ್ಳಿಯನ್ನು ಆರಹಾಕುವುದು

ನಾನು ಮೊದಲ ಸಲ ಬೆಳೆದ ಬೆಳ್ಳುಳ್ಳಿ ಮಣ್ಣಿನಲ್ಲಿ ಇರುವಷ್ಟು ದಿನ ಚೆನ್ನಾಗಿಯೇ ಇತ್ತು. ಅದು ಕೆಟ್ಟದ್ದು ಮನೆಯೊಳಗೆ ಬಂದ ಮೇಲೆ. ಕಿತ್ತ ದಿನವೇ ಗಡ್ಡೆಗಳನ್ನು ನೀರಿನಲ್ಲಿ ಉಜ್ಜಿ ತೊಳೆದು, ಸುಡುವ ಬಿಸಿಲಿನಲ್ಲಿ ಎರಡು ದಿನ ಹರವಿ, ಹೊರಸಿಪ್ಪೆ ಗರಿಗರಿಯಾದದ್ದನ್ನು ಕಂಡು ಒಣಗಿತೆಂದು ನಂಬಿ, ಬಿಗಿಯಾದ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದಲ್ಲಿ ತುಂಬಿ ಕಪಾಟಿನಲ್ಲಿಟ್ಟಿದ್ದೆ. ಎರಡು ತಿಂಗಳ ನಂತರ ತೆಗೆದ ಮೊದಲ ಗಡ್ಡೆ ನೋಡಲು ಲಕ್ಷಣವಾಗಿಯೇ ಇತ್ತು. ಸಿಪ್ಪೆ ಬಿಡಿಸಿದಾಗ ಮಾತ್ರ ಒಳಗಿನ ಎಸಳುಗಳು ಜೇನಿನ ಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದರೆ ಬೆಳಕು ಹಾಯ್ದು ಬರುವಂತಾಗಿ, ಬೆರಳಿಗೆ ಮೇಣದಂತೆ ಅಂಟಿಕೊಂಡವು. ಎರಡನೆಯ ಗಡ್ಡೆಯೂ ಹಾಗೆಯೇ, ಮೂರನೆಯದೂ ಹಾಗೆಯೇ. ತಿಂಗಳುಗಟ್ಟಲೆ ಕಳೆ ಕಿತ್ತು, ನೀರು ಹಾಯಿಸಿ, ಎಲೆ ಎಣಿಸುತ್ತ ಕಾದ ಬೆಳೆ ಕೈಗೆ ಬಂದರೂ ಬಾಯಿಗೆ ಬರಲಿಲ್ಲ. ಆ ದಿನದ ಬೇಸರ ಇಂದಿಗೂ ನನಗೆ ನೆನಪಿದೆ, ಏಕೆಂದರೆ ನಾನು ಮಾಡಿದ್ದರಲ್ಲಿ ಉದಾಸೀನವಿರಲಿಲ್ಲ. ಪ್ರತಿಯೊಂದನ್ನೂ ಶ್ರದ್ಧೆಯಿಂದಲೇ ಮಾಡಿದ್ದೆ, ಆದರೆ ಮಾಡಬಾರದ ರೀತಿಯಲ್ಲಿ ಮಾಡಿದ್ದೆ.

ಎಸಳು ಹೀಗೆ ಮೇಣಗಟ್ಟುವುದು ರೋಗಾಣುವಿನ ಕೆಲಸವಲ್ಲ ಎಂಬುದು ಆಮೇಲೆ ತಿಳಿಯಿತು. ಕೊಯ್ಲಿನ ಹೊತ್ತಿನಲ್ಲಿ ಗಡ್ಡೆಗೆ ತಾಗುವ ಅತಿಯಾದ ಬಿಸಿ, ಶೇಖರಿಸಿದ ಜಾಗದಲ್ಲಿ ಗಾಳಿ ಸಾಲದೆ ಆಮ್ಲಜನಕ ಕಡಿಮೆಯಾಗುವುದು, ಇವೆರಡೂ ಆ ಕೇಡನ್ನು ತರುತ್ತವೆ. ನಾನು ಎರಡನ್ನೂ ಒಟ್ಟಿಗೇ ಒದಗಿಸಿದ್ದೆ. ಕಿತ್ತ ಬೆಳ್ಳುಳ್ಳಿ ಸತ್ತ ವಸ್ತುವಲ್ಲ. ಅದರ ಎಸಳು ಉಸಿರಾಡುತ್ತಲೇ ಇರುತ್ತದೆ, ಒಳಗೆ ಕೂಡಿಟ್ಟ ಆಹಾರವನ್ನು ಸ್ವಲ್ಪಸ್ವಲ್ಪವೇ ಖರ್ಚು ಮಾಡುತ್ತಿರುತ್ತದೆ, ಮುಂದಿನ ಬೆಳೆಯ ಮೊಳಕೆಯನ್ನು ನಡುವೆ ಹಿಡಿದುಕೊಂಡು ನಿದ್ದೆಯಲ್ಲಿರುತ್ತದೆ. ನಮ್ಮ ಮಾತಿನಲ್ಲಿ ಒಣಹಾಕುವುದು ಬೇರೆ, ಆರಹಾಕುವುದು ಬೇರೆ. ಒಣಗಿಸುವಾಗ ವಸ್ತುವಿನ ಒಳಗಿನ ನೀರನ್ನೆಲ್ಲ ತೆಗೆಯಲು ನೋಡುತ್ತೇವೆ. ಆರಹಾಕುವಾಗ ಮೇಲಿನ ತೇವ ಗಾಳಿಗೆ ಆರಿ ಹೋಗಲಿ ಎಂದು ಬಿಡುತ್ತೇವೆ. ಬೆಳ್ಳುಳ್ಳಿಗೆ ಬೇಕಾದದ್ದು ಎರಡನೆಯದು. ಎಲೆ, ದಂಟು, ಬೇರು, ಹೊರಸಿಪ್ಪೆ ಇವುಗಳ ನೀರು ಹೋಗಬೇಕು, ಎಸಳಿನ ನೀರು ಒಳಗೇ ಉಳಿಯಬೇಕು. ನಾನು ಈಗ ಮಾಡುವ ಕೆಲಸವೆಲ್ಲ ಈ ಒಂದು ವ್ಯತ್ಯಾಸವನ್ನು ಹಿಡಿದುಕೊಂಡು ಮಾಡುವಂಥದ್ದು.

ಆರಹಾಕುವ ಕೆಲಸ ಫಲಿಸುವುದೋ ಇಲ್ಲವೋ ಎಂಬುದು ಕೀಳುವ ದಿನವನ್ನು ಅವಲಂಬಿಸಿದೆ. ಬೆಳ್ಳುಳ್ಳಿ ಗಿಡದ ಒಂದೊಂದು ಎಲೆಯ ಬುಡವೂ ಕೆಳಗಿಳಿದು ಗಡ್ಡೆಯನ್ನು ಸುತ್ತಿಕೊಂಡು ಒಂದೊಂದು ಹೊರಸಿಪ್ಪೆಯಾಗುತ್ತದೆ. ಆದ್ದರಿಂದ ಗಿಡದ ಮೇಲೆ ಎಷ್ಟು ಹಸಿರು ಎಲೆ ಉಳಿದಿದೆಯೋ, ಮಣ್ಣಿನೊಳಗಿನ ಗಡ್ಡೆಗೆ ಸರಿಸುಮಾರು ಅಷ್ಟೇ ಪದರದ ಗಟ್ಟಿ ಹೊದಿಕೆ ಉಳಿದಿದೆ ಎಂದು ಲೆಕ್ಕ. ಎಲೆಗಳು ಕೆಳಗಿನಿಂದ ಮೇಲಕ್ಕೆ ಒಣಗುತ್ತ ಬರುತ್ತವೆ. ಕೆಳಗಿನ ಮೂರನೆಯ ಒಂದು ಪಾಲು ಕಂದಾಗಿ, ಮೇಲೆ ಐದಾರು ಎಲೆ ಇನ್ನೂ ಹಸಿರಾಗಿರುವಾಗ ನಾನು ಸಾಲಿನಲ್ಲಿ ಒಂದೆರಡು ಗಿಡವನ್ನು ಅಗೆದು, ಗಡ್ಡೆಯನ್ನು ಅಡ್ಡಲಾಗಿ ಕೊಯ್ದು ನೋಡುತ್ತೇನೆ. ಎಸಳುಗಳು ತುಂಬಿಕೊಂಡು, ನಡುವಿನ ದಂಟಿನಿಂದ ತುಸು ಬಿಟ್ಟುಕೊಂಡಿದ್ದರೆ ಕಾಲ ಬಂದಿದೆ. ಎಸಳುಗಳ ನಡುವಿನ ಗೆರೆಗಳೇ ಇನ್ನೂ ಸರಿಯಾಗಿ ಮೂಡಿರದಿದ್ದರೆ ಕಾಯಬೇಕು. ಎಲ್ಲ ಎಲೆಯೂ ಒಣಗಲಿ ಎಂದು ಕಾದವರಿಗೆ ಸಿಗುವುದು ಸಿಪ್ಪೆ ಹರಿದು, ಎಸಳುಗಳು ಬಾಯ್ದೆರೆದು ನಿಂತ ಗಡ್ಡೆ. ಅಂಥದ್ದನ್ನು ಎಷ್ಟು ಜೋಪಾನ ಮಾಡಿದರೂ ಬಹಳ ದಿನ ಇಡಲಾಗದು. ಬೇಗ ಕಿತ್ತರೆ ಗಡ್ಡೆ ಚಿಕ್ಕದು, ಸಿಪ್ಪೆ ತೆಳು. ಎರಡರಲ್ಲಿ ಒಂದು ತಪ್ಪಾಗುವುದೇ ಆದರೆ, ಒಂದು ವಾರ ಮುಂಚೆ ಕೀಳುವ ತಪ್ಪು ವಾಸಿ ಎಂದು ನನ್ನ ಅನುಭವ ಹೇಳುತ್ತದೆ.

ಕೀಳುವುದಕ್ಕೆ ಒಂದೆರಡು ವಾರ ಮೊದಲೇ ನೀರು ಹಾಯಿಸುವುದನ್ನು ನಿಲ್ಲಿಸುತ್ತೇನೆ. ಇದರಿಂದ ಹೊರಸಿಪ್ಪೆ ಮಣ್ಣಿನಲ್ಲಿಯೇ ಆರಲು ತೊಡಗುತ್ತದೆ, ಕಿತ್ತಾಗ ಮಣ್ಣೂ ಸಲೀಸಾಗಿ ಉದುರುತ್ತದೆ. ದಂಟನ್ನು ಹಿಡಿದು ಜಗ್ಗಿ ಕೀಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಜಗ್ಗಿದರೆ ದಂಟು ಗಡ್ಡೆಯನ್ನು ಸೇರುವ ಕತ್ತಿನ ಭಾಗದಲ್ಲಿ ಒಳಗೇ ಸೀಳು ಬೀಳುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ. ಗಿಡದಿಂದ ಒಂದು ಗೇಣು ದೂರದಲ್ಲಿ ಸಲಾಕೆ ಇಳಿಸಿ, ಮಣ್ಣನ್ನು ಕೆಳಗಿನಿಂದ ಎತ್ತಿ ಸಡಿಲ ಮಾಡಿ, ಗಡ್ಡೆಯನ್ನು ಕೈಯಲ್ಲಿ ಹಿಡಿದು ಮೇಲೆ ತೆಗೆಯುತ್ತೇನೆ. ಮಣ್ಣು ಉದುರಿಸಲು ಎರಡು ಗಡ್ಡೆಗಳನ್ನು ಒಂದಕ್ಕೊಂದು ಬಡಿಯುವುದಿಲ್ಲ, ಬುಟ್ಟಿಗೆ ದೂರದಿಂದ ಎಸೆಯುವುದಿಲ್ಲ. ಹಸಿ ಬೆಳ್ಳುಳ್ಳಿಗೆ ಏಟು ಬಿದ್ದರೆ ಏನಾಗುತ್ತದೆ ಎಂಬುದು ಅದರ ವಾಸನೆಯ ಗುಟ್ಟಿನಲ್ಲೇ ಇದೆ. ಬೆಳ್ಳುಳ್ಳಿಯ ಘಾಟಿಗೆ ಕಾರಣವಾದ ಅಲ್ಲಿಸಿನ್ ಎಂಬ ವಸ್ತುವನ್ನು 1944ರಲ್ಲಿ ಚೆಸ್ಟರ್ ಕವಾಲಿಟೊ ಮತ್ತು ಜಾನ್ ಬೈಲಿ ಎಂಬ ರಸಾಯನ ವಿಜ್ಞಾನಿಗಳು ಬೇರ್ಪಡಿಸಿದರು. ಇಡಿಯಾದ ಎಸಳಿನಲ್ಲಿ ಅದು ಇರುವುದೇ ಇಲ್ಲ. ಅಲ್ಲಿ ಇರುವುದು ವಾಸನೆಯಿಲ್ಲದ ಅಲ್ಲಿಯಿನ್. ಅದನ್ನು 1948ರಲ್ಲಿ ಆರ್ಥರ್ ಸ್ಟೋಲ್ ಮತ್ತು ಎವಾಲ್ಡ್ ಸೀಬೆಕ್ ವಿವರಿಸಿದರು. ಅಲ್ಲಿಯಿನ್ ಒಂದು ಕಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ ಇರುತ್ತವೆ, ಜೀವಕೋಶ ಜಜ್ಜಿಹೋದಾಗ ಮಾತ್ರ ಎರಡೂ ಕಲೆತು ಘಾಟು ಹುಟ್ಟುತ್ತದೆ. ಆದ್ದರಿಂದ ಕಿತ್ತ ಬೆಳ್ಳುಳ್ಳಿಯ ಬುಟ್ಟಿಯಿಂದ ಘಾಟು ಜೋರಾಗಿ ಬರುತ್ತಿದೆ ಎಂದರೆ ಎಲ್ಲೋ ಎಸಳು ಜಜ್ಜಿದೆ ಎಂದೇ ಅರ್ಥ. ಹಾಗೆ ಜಜ್ಜಿದ ಜಾಗವೇ ಮುಂದೆ ಬೂಷ್ಟು ಒಳಹೊಗುವ ಬಾಗಿಲು. ನಾನು ಬುಟ್ಟಿಯನ್ನು ಮೂಸಿ ನೋಡುತ್ತೇನೆ. ಏಟು ತಿಂದ ಗಡ್ಡೆಗಳನ್ನು ಹುಡುಕಿ ಅಂದೇ ಅಡುಗೆಮನೆಗೆ ಕಳುಹಿಸುತ್ತೇನೆ.

ತೊಳೆಯುವುದಿಲ್ಲ. ಆರಿ ಹೋಗಬೇಕಾದ ನೀರನ್ನು ನಾವೇ ಹೆಚ್ಚಿಸುವುದರಲ್ಲಿ ಅರ್ಥವಿಲ್ಲ. ಬೇರಿನ ಸಂದಿಯಲ್ಲಿ, ಎಲೆಯ ಬುಡದ ಪದರಗಳ ನಡುವೆ ಇಳಿದ ನೀರು ಹೊರಬರಲು ದಿನಗಟ್ಟಲೆ ಹಿಡಿಯುತ್ತದೆ. ಅಂಟಿದ ಮಣ್ಣು ಹಾಗೇ ಇರಲಿ, ಅದು ಒಣಗಿದ ಮೇಲೆ ಬೆರಳು ಸವರಿದರೆ ಪುಡಿಯಾಗಿ ಬೀಳುತ್ತದೆ. ಬಿಸಿಲಿನ ವಿಷಯದಲ್ಲೂ ಇಷ್ಟೇ ಗಟ್ಟಿಯಾಗಿರಬೇಕು. ದೊಡ್ಡ ಹೊಲಗಳಲ್ಲಿ ಕಿತ್ತ ಬೆಳ್ಳುಳ್ಳಿಯನ್ನು ಅಲ್ಲಿಯೇ ಸಾಲಾಗಿ ಮಲಗಿಸಿ ಆರಿಸುವ ಪದ್ಧತಿಯಿದೆ, ಆದರೆ ಅಲ್ಲಿಯೂ ಒಂದು ಸಾಲಿನ ಎಲೆಗಳು ಮತ್ತೊಂದು ಸಾಲಿನ ಗಡ್ಡೆಗಳಿಗೆ ನೆರಳಾಗುವಂತೆ ಒರಗಿಸಿಯೇ ಇಡುತ್ತಾರೆ. ಕೈತೋಟದ ಬೆಳೆಯನ್ನು ಕಿತ್ತ ಅರ್ಧ ಗಂಟೆಯೊಳಗೆ ನೆರಳಿಗೆ ಒಯ್ಯಲು ಯಾರಿಗಾದರೂ ಸಾಧ್ಯ. ನಾನು ಬೆಳಗಿನ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು ಕೀಳುತ್ತೇನೆ.

ಇನ್ನು ಆರಹಾಕುವ ಜಾಗ. ಬಿಸಿಲು ಬೀಳಬಾರದು, ಮಳೆಯ ಎರಚಲು ಬರಬಾರದು, ಗಾಳಿ ಮಾತ್ರ ಎಲ್ಲ ಕಡೆಯಿಂದಲೂ ಸುಳಿಯಬೇಕು. ಎಂಟು ಹತ್ತು ಗಿಡಗಳನ್ನು ಎಲೆಯ ಸಮೇತ ಒಂದು ಕಟ್ಟು ಮಾಡಿ, ಗಡ್ಡೆ ಕೆಳಗಾಗುವಂತೆ ಅಡ್ಡಗಳಕ್ಕೆ ತೂಗುಹಾಕಬಹುದು, ಅಥವಾ ತಂತಿಬಲೆಯ ಮೇಲೆ ಒಂದೇ ಪದರದಲ್ಲಿ ಹರಡಬಹುದು. ಕಟ್ಟು ದೊಡ್ಡದಾದಷ್ಟೂ ನಡುವಿನ ಗಡ್ಡೆಗೆ ಗಾಳಿ ತಲುಪುವುದಿಲ್ಲ. ಕೆಟ್ಟ ಗಡ್ಡೆಗಳು ಯಾವಾಗಲೂ ಕಟ್ಟಿನ ನಡುವೆಯೇ ಸಿಗುತ್ತವೆ ಎಂಬುದನ್ನು ನಾನು ಕಂಡಿದ್ದೇನೆ. ಸುಮಾರು 30 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ ಗಾಳಿ ಈ ಕೆಲಸಕ್ಕೆ ಬಹಳ ಅನುಕೂಲ. ತಗಡಿನ ಮಾಡಿನ ಕೆಳಗೆ ಮಧ್ಯಾಹ್ನದ ಕಾವು 40 ಡಿಗ್ರಿ ದಾಟುವಂತಿದ್ದರೆ ಜಾಗ ಬದಲಾಯಿಸುತ್ತೇನೆ. ಹವೆ ತೇವವಾಗಿರುವ ದಿನಗಳಲ್ಲಿ ಫ್ಯಾನ್ ಇಲ್ಲದೆ ಈ ಕೆಲಸ ಆಗುವುದಿಲ್ಲ ಎಂದೇ ಹೇಳಬೇಕು. ಫ್ಯಾನಿನ ಗಾಳಿ ನೇರವಾಗಿ ಕಟ್ಟುಗಳ ಕೆಳಗೆ ಹಾದುಹೋಗುವಂತೆ ಇಟ್ಟು ಹಗಲೂ ರಾತ್ರಿಯೂ ಬಿಡುತ್ತೇನೆ. ಎಲೆಗಳನ್ನು ಪೂರ್ತಿ ಉಳಿಸಬೇಕೋ, ಮೊದಲೇ ಕತ್ತರಿಸಬಹುದೋ ಎಂಬ ಚರ್ಚೆ ಬೆಳೆಗಾರರಲ್ಲಿ ಇದ್ದೇ ಇದೆ. ಜಾಗ ಸಾಕಷ್ಟಿದ್ದು ಹವೆ ಒಣಗಿದ್ದರೆ ಉಳಿಸಿಕೊಳ್ಳುವುದು ಚಂದ, ಹಿಡಿದು ಎತ್ತಲೂ ಅನುಕೂಲ. ಜಾಗ ಇಕ್ಕಟ್ಟಾಗಿದ್ದು ಗಾಳಿ ತೇವವಾಗಿದ್ದರೆ ಒಂದು ಗೇಣು ದಂಟು ಬಿಟ್ಟು ಮೇಲಿನದನ್ನು ಕತ್ತರಿಸುವುದೇ ಮೇಲು, ಏಕೆಂದರೆ ಎಲೆಯ ರಾಶಿಯೇ ಅಷ್ಟೊಂದು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ.

ಎರಡರಿಂದ ನಾಲ್ಕು ವಾರ ಎಂದು ಎಲ್ಲರೂ ಹೇಳುವ ಲೆಕ್ಕ ಸರಿಯೇ, ಆದರೆ ದಿನ ಎಣಿಸಿ ಕೆಳಗಿಳಿಸಿದ ಬೆಳ್ಳುಳ್ಳಿ ನನಗೆ ಒಮ್ಮೆ ಮೋಸ ಮಾಡಿದೆ. ಹೊರಸಿಪ್ಪೆ ಮೂರನೆಯ ದಿನಕ್ಕೇ ಕಾಗದದಂತಾಗಿ ಸದ್ದು ಮಾಡುತ್ತದೆ. ಮುಟ್ಟಿದರೆ ಆಯಿತೆಂದೇ ಅನಿಸುತ್ತದೆ. ತಡವಾಗುವುದು ಕತ್ತಿನಲ್ಲಿ. ಎಲೆಗಳೆಲ್ಲ ಒತ್ತಿಕೊಂಡು ಗಡ್ಡೆಗೆ ಇಳಿಯುವ ಆ ಒಂದು ಅಂಗುಲದಲ್ಲಿ ಪದರದೊಳಗೆ ಪದರವಿದ್ದು, ಗಿಡದ ಉಳಿದೆಲ್ಲ ಭಾಗ ಆರಿದ ಮೇಲೂ ಅಲ್ಲಿ ತೇವ ಕುಳಿತಿರುತ್ತದೆ. ನಾನು ಒಂದು ಗಡ್ಡೆಯನ್ನು ತೆಗೆದುಕೊಂಡು, ಹೆಗಲಿನಿಂದ ಎರಡು ಬೆರಳು ಮೇಲಕ್ಕೆ ಹರಿತವಾದ ಕತ್ತರಿಯಿಂದ ದಂಟನ್ನು ತುಂಡರಿಸಿ, ಕೊಯ್ದ ಮುಖವನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ. ಸುತ್ತಲಿನ ಉಂಗುರಗಳು ಹುಲ್ಲಿನ ಬಣ್ಣಕ್ಕೆ ಬಂದಿದ್ದರೂ ನಟ್ಟನಡುವೆ ಕಡ್ಡಿಯ ಮೊನೆಯಷ್ಟು ಹಸಿರು ಉಳಿದಿರಬಹುದು. ಒತ್ತಿದರೆ ಅದು ಬೆರಳಿಗೆ ತಣ್ಣಗೆ ತಾಗುತ್ತದೆ, ಮೂಸಿದರೆ ಹಸಿ ಎಲೆಯ ವಾಸನೆ ಬರುತ್ತದೆ. ಅಷ್ಟು ಸಾಕು, ಕಟ್ಟುಗಳನ್ನು ಇನ್ನೂ ಐದು ದಿನ ಇಳಿಸುವುದಿಲ್ಲ. ಆರಿದ ಕತ್ತನ್ನು ಬೆರಳುಗಳ ನಡುವೆ ಹೊಸೆದರೆ ಪದರಗಳು ಒಂದರ ಮೇಲೊಂದು ಜಾರುವುದಿಲ್ಲ, ಬಿಗಿದ ಹುರಿಯಂತೆ ಗಟ್ಟಿಯಾಗಿ ನಿಲ್ಲುತ್ತವೆ. ಬೇರುಗಳು ಕುಂಚದ ಕೂದಲಿನಂತೆ ಬಿರುಸಾಗಿರುತ್ತವೆ. ಕಣ್ಣು ಬೆರಳುಗಳನ್ನು ನಂಬದವರಿಗೆ ಇನ್ನೊಂದು ದಾರಿಯಿದೆ: ಒಂದು ಕಟ್ಟನ್ನು ಗುರುತು ಮಾಡಿಟ್ಟು ಮೂರು ದಿನಕ್ಕೊಮ್ಮೆ ತೂಗುತ್ತ ಹೋಗುವುದು. ಮೊದಲ ವಾರ ತೂಕ ಬೇಗ ಬೇಗ ಇಳಿಯುತ್ತದೆ, ಆಮೇಲೆ ನಿಧಾನವಾಗುತ್ತದೆ, ಕೊನೆಗೆ ಇಳಿಯುವುದು ಹೆಚ್ಚುಕಡಿಮೆ ನಿಲ್ಲುತ್ತದೆ. ಹಾಗೆ ನಿಂತ ದಿನ ಹೊರಗಿನ ನೀರು ಹೋಗಿ, ಒಳಗಿನ ನೀರು ಸಿಪ್ಪೆಯ ಹಿಂದೆ ಉಳಿದುಕೊಂಡಿದೆ.

ಕತ್ತು ಮುಚ್ಚಿತೆಂದು ಖಚಿತವಾದ ಮೇಲೆಯೇ ಕತ್ತರಿ ಆಡಿಸುವ ಕೆಲಸ. ದಂಟನ್ನು ಗಡ್ಡೆಯಿಂದ ಎರಡು ಮೂರು ಸೆಂಟಿಮೀಟರ್ ಬಿಟ್ಟು, ಬೇರನ್ನು ಬುಡದ ತಟ್ಟೆಗೆ ಗಾಯವಾಗದಂತೆ ಅರ್ಧ ಸೆಂಟಿಮೀಟರ್ ಬಿಟ್ಟು ಕತ್ತರಿಸುತ್ತೇನೆ. ಕೊಳೆಯಾದ ಹೊರಗಿನ ಒಂದು ಪದರವನ್ನು ತೆಗೆದರೆ ಸಾಕು. ಗಡ್ಡೆ ಬೆಳ್ಳಗೆ ಹೊಳೆಯಲೆಂದು ಪದರದ ಮೇಲೆ ಪದರ ಸುಲಿಯುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಒಂದೊಂದು ಪದರವೂ ಒಂದೊಂದು ಎಲೆ ತನ್ನ ಬುಡವನ್ನು ಒಪ್ಪಿಸಿ ಕಟ್ಟಿಕೊಟ್ಟದ್ದು.

ಇದೇ ಹೊತ್ತಿನಲ್ಲಿ ವಿಂಗಡಣೆಯೂ ಆಗಬೇಕು. ಎಲ್ಲಕ್ಕಿಂತ ದೊಡ್ಡ, ದುಂಡಗಿನ, ಕಲೆಯಿಲ್ಲದ ಗಡ್ಡೆಗಳನ್ನು ಮೊದಲು ಬಿತ್ತನೆಗೆ ಎತ್ತಿಡುತ್ತೇನೆ. ಎರಡನೆಯ ಗುಂಪು ಬಹುಕಾಲ ಇಡುವುದಕ್ಕೆ: ಮೂರು ನಾಲ್ಕು ಪದರದ ಸಿಪ್ಪೆ, ಒತ್ತಿದರೆ ಕಲ್ಲಿನಂತೆ ಗಟ್ಟಿ, ಬಿಗಿದ ಕತ್ತು. ಸಿಪ್ಪೆ ಹರಿದದ್ದು, ಸಲಾಕೆ ತಾಗಿದ್ದು, ಕತ್ತು ದಪ್ಪವಾಗಿ ಉಳಿದದ್ದು, ಎಸಳು ಬಿಚ್ಚಿಕೊಂಡದ್ದು ಎಲ್ಲವೂ ಮೂರನೆಯ ಗುಂಪಿಗೆ. ಅವನ್ನು ಮೊದಲ ಎರಡು ತಿಂಗಳಲ್ಲೇ ಬಳಸಿ ಮುಗಿಸುತ್ತೇನೆ. ಅತ್ಯುತ್ತಮವಾದದ್ದನ್ನು ತಿನ್ನದೆ ಎತ್ತಿಡುವುದು ಮೊದಮೊದಲು ಮನಸ್ಸಿಗೆ ಒಗ್ಗುವುದಿಲ್ಲ. ಆದರೆ ಬೆಳ್ಳುಳ್ಳಿಗೆ ಬೀಜವೆಂದರೆ ಎಸಳೇ. ಹಾಕಿದ ಎಸಳಿನ ಪ್ರತಿರೂಪವೇ ಮುಂದಿನ ಗಿಡವಾಗುತ್ತದೆ, ದೊಡ್ಡ ಎಸಳಿನಿಂದ ಸಾಮಾನ್ಯವಾಗಿ ದೊಡ್ಡ ಗಡ್ಡೆ ಬರುತ್ತದೆ.

ಶೇಖರಣೆಯ ವಿಷಯಕ್ಕೆ ಬಂದರೆ, ನನ್ನ ಎರಡನೆಯ ತಪ್ಪನ್ನು ಹೇಳಲೇಬೇಕು. ಮೊದಲ ವರ್ಷದ ನಷ್ಟದ ನಂತರ ಹೆದರಿ, ಚೆನ್ನಾಗಿ ಆರಿದ ಗಡ್ಡೆಗಳನ್ನು ತಂಪಿನಲ್ಲಿಟ್ಟರೆ ಕ್ಷೇಮವೆಂದು ಫ್ರಿಜ್ಜಿನ ತರಕಾರಿ ಪೆಟ್ಟಿಗೆಯಲ್ಲಿಟ್ಟೆ. ಅವು ಕೊಳೆಯಲಿಲ್ಲ, ಮೊಳೆತವು. ಕೆಲವು ವಾರಗಳಲ್ಲಿ ಎಸಳಿನ ತುದಿಯಿಂದ ಹಸಿರು ಮೊನೆ ಹೊರಬಂದು, ನಡುವೆ ಕಹಿಯಾದ ಎಳೆ ದಂಟು ಬೆಳೆದು, ಎಸಳಿನ ಮೈ ಸುಕ್ಕುಗಟ್ಟಿ ಜೊಳ್ಳಾಗತೊಡಗಿತು. ಬೆಳ್ಳುಳ್ಳಿಯ ನಿದ್ದೆಯನ್ನು ಕೆಡಿಸುವುದಕ್ಕೆ 4ರಿಂದ 10 ಡಿಗ್ರಿ ಸೆಲ್ಸಿಯಸ್‌ನಷ್ಟು ಒಳ್ಳೆಯ ಉಷ್ಣತೆ ಬೇರೆ ಇಲ್ಲ, ಮನೆಯ ಫ್ರಿಜ್ ಇರುವುದು ಆ ಮಟ್ಟದಲ್ಲಿ ಅಥವಾ ಅದರ ಅಂಚಿನಲ್ಲೇ. ಗಿಡದ ದೃಷ್ಟಿಯಿಂದ ಇದು ಸಹಜ: ಚಳಿ ತಾಗಿದರೆ ಚಿಗುರುವ ಕಾಲ ಹತ್ತಿರ ಬಂದಿದೆ ಎಂದು ಅದು ತಿಳಿಯುತ್ತದೆ. ವಾಣಿಜ್ಯ ಶೀತಲಗೃಹಗಳಲ್ಲಿ ಬೆಳ್ಳುಳ್ಳಿಯನ್ನು ಸೊನ್ನೆ ಡಿಗ್ರಿಯ ಹತ್ತಿರ ಅಥವಾ ಅದಕ್ಕೂ ತುಸು ಕೆಳಗೆ, ಶೇ 60ರಿಂದ 70ರ ತೇವಾಂಶದಲ್ಲಿ ಆರೇಳು ತಿಂಗಳು ಇಡುತ್ತಾರೆ. ಅಲ್ಲಿ ಚಳಿ ಎಷ್ಟು ಗಾಢವೆಂದರೆ ಮೊಳಕೆಯ ಬೆಳವಣಿಗೆಯೇ ನಿಂತುಹೋಗಿರುತ್ತದೆ. ಹೊರಗೆ ತೆಗೆದ ಮೇಲೆ ಅದೇ ಬೆಳ್ಳುಳ್ಳಿ ಬಲುಬೇಗ ಮೊಳೆಯುತ್ತದೆ. ಮನೆಯಲ್ಲಿ ಅಷ್ಟು ಚಳಿಯನ್ನು ಏರಿಳಿತವಿಲ್ಲದೆ ಒಂದೇ ಸಮನೆ ಕಾಪಾಡಲು ಆಗುವುದಿಲ್ಲ. ಆದ್ದರಿಂದ ಫ್ರಿಜ್ಜನ್ನು ಮರೆತು, ಮನೆಯೊಳಗಿನ ತಂಪಾದ ಕೋಣೆಯನ್ನೇ ಹುಡುಕಬೇಕು. 13ರಿಂದ 18 ಡಿಗ್ರಿ ಸಿಕ್ಕರೆ ಬಹಳ ಒಳ್ಳೆಯದು. ಅದಕ್ಕಿಂತ ಬೆಚ್ಚಗಿದ್ದರೆ ಎಸಳು ಬೇಗ ನೀರು ಕಳೆದುಕೊಂಡು ಸೊರಗುತ್ತದೆ, ಆದರೆ ಫ್ರಿಜ್ಜಿನಲ್ಲಿಟ್ಟದ್ದರ ಹಾಗೆ ಮೊಳಕೆಯೊಡೆಯುವುದಿಲ್ಲ. ಇವೆರಡರಲ್ಲಿ ಒಂದನ್ನು ಆರಿಸಬೇಕಾದಾಗ ನಾನು ಬೆಚ್ಚಗಿನ ಕೋಣೆಯನ್ನೇ ಆರಿಸಿದ್ದೇನೆ.

ತೇವದ ಲೆಕ್ಕ ಇನ್ನೂ ಸೂಕ್ಷ್ಮ. ಗಾಳಿಯ ತೇವಾಂಶ ಶೇ 70 ದಾಟಿದರೆ ಬುಡದಿಂದ ಹೊಸ ಬೇರು ಹೊರಡುತ್ತದೆ, ಸಿಪ್ಪೆಯ ನಡುವೆ ಬೂಷ್ಟು ಏಳುತ್ತದೆ. ತೀರಾ ಒಣಗಿದ್ದರೆ ಎಸಳು ಸಿಪ್ಪೆಯೊಳಗೇ ಕುಗ್ಗಿ ಅಲ್ಲಾಡತೊಡಗುತ್ತದೆ. ಶೇ 60ರ ಆಸುಪಾಸು ಹಿತ. ಒಂದು ಸಣ್ಣ ತೇವಮಾಪಕವನ್ನು ಕೋಣೆಯಲ್ಲಿ ತೂಗುಹಾಕಿದ ಮೇಲೆ ನನ್ನ ಊಹೆಗಳು ಎಷ್ಟು ತಪ್ಪಾಗಿದ್ದವು ಎಂಬುದು ತಿಳಿಯಿತು. ನಾನು ಒಣಗಿದೆ ಎಂದು ನಂಬಿದ್ದ ಮೂಲೆಯೇ ಮನೆಯಲ್ಲಿ ಎಲ್ಲಕ್ಕಿಂತ ತೇವವಾಗಿತ್ತು. ಒಣ ಗಾಳಿಯಲ್ಲಿ ಬೆಳ್ಳುಳ್ಳಿ ಸೊರಗುತ್ತದೆಯೇ ಹೊರತು ಕೊಳೆಯುವುದಿಲ್ಲ. 1922ರಲ್ಲಿ ಹೊವರ್ಡ್ ಕಾರ್ಟರ್ ಪತ್ತೆಹಚ್ಚಿದ ಈಜಿಪ್ಟಿನ ಟುಟಾಂಖಾಮನ್ ಸಮಾಧಿಯೊಳಗೆ ಬೆಳ್ಳುಳ್ಳಿ ಗಡ್ಡೆಗಳು ಸಿಕ್ಕಿದ್ದವು; ಮೂರು ಸಾವಿರ ವರ್ಷಗಳ ಮೇಲೆಯೂ ಅವು ಬೆಳ್ಳುಳ್ಳಿಯೆಂದು ಗುರುತು ಹಿಡಿಯುವಂತೆ ಉಳಿದಿದ್ದವು. ಅವುಗಳಲ್ಲಿ ಜೀವವಿರಲಿಲ್ಲ ಎಂಬುದು ಸರಿ, ಆದರೆ ಆಕಾರವನ್ನು ಅಷ್ಟು ಕಾಲ ಉಳಿಸಿದ್ದು ಆ ನೆಲದ ಒಣ ಗಾಳಿ.

ಇಡುವ ಪಾತ್ರೆಯ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಬಲೆಚೀಲ, ಹೆಣೆದ ಬುಟ್ಟಿ, ತೂತುಗಳಿರುವ ಮಣ್ಣಿನ ಜಾಡಿ, ಬಾಯಿ ತೆರೆದ ಕಾಗದದ ಚೀಲ, ಯಾವುದಾದರೂ ಆದೀತು. ಗಾಳಿ ಬರಬೇಕು, ಬೆಳಕು ಬೀಳಬಾರದು, ಪದರ ದಪ್ಪವಾಗಬಾರದು. ಮೆದು ದಂಟಿನ ಜಾತಿಗಳನ್ನು ಜಡೆ ಹೆಣೆದು ತೂಗುಹಾಕುವುದು ಚಂದವಷ್ಟೇ ಅಲ್ಲ, ಗಡ್ಡೆಗಳ ಸುತ್ತ ಗಾಳಿ ಸುಳಿಯಲು ಅದು ಒಳ್ಳೆಯ ಏರ್ಪಾಡೂ ಹೌದು. ದಂಟು ಪೂರ್ತಿ ಒಣಗಿ ಮುರಿಯುವ ಮುನ್ನ, ಇನ್ನೂ ಬಾಗುವ ಸ್ಥಿತಿಯಲ್ಲಿರುವಾಗಲೇ ಹೆಣೆಯಬೇಕು. ಹೆಣೆದ ಜಡೆಯನ್ನು ಮತ್ತೆ ಗಾಳಿಗೆ ಬಿಟ್ಟು ಆರಿಸುವುದನ್ನು ಮರೆಯಬಾರದು. ಹೂದಂಟು ಬಿಡುವ ಗಟ್ಟಿ ದಂಟಿನ ಜಾತಿಗಳನ್ನು ಹೆಣೆಯಲಾಗದು.

ಎಷ್ಟು ಕಾಲ ಉಳಿಯುತ್ತದೆ ಎಂಬ ಪ್ರಶ್ನೆಗೂ ಈ ಜಾತಿಭೇದವೇ ಮುಖ್ಯ ಉತ್ತರ. ಗಟ್ಟಿ ದಂಟಿನವು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬಾಳುತ್ತವೆ. ರುಚಿಗೆ ಹೆಸರಾದ ರೊಕಾಂಬೋಲ್ ಗುಂಪು ಅವುಗಳಲ್ಲೂ ಬೇಗ ಮೊಳೆಯುತ್ತದೆ, ಪೋರ್ಸಲೇನ್ ಗುಂಪು ಅದಕ್ಕಿಂತ ಹೆಚ್ಚು ತಾಳುತ್ತದೆ. ಮೆದು ದಂಟಿನವು ಆರರಿಂದ ಒಂಬತ್ತು ತಿಂಗಳು, ಅವುಗಳಲ್ಲಿ ಸಿಲ್ವರ್‌ಸ್ಕಿನ್ ಗುಂಪು ಒಮ್ಮೊಮ್ಮೆ ವರ್ಷದವರೆಗೂ ಇರುತ್ತದೆ. ಒಂದಕ್ಕಿಂತ ಹೆಚ್ಚು ಜಾತಿ ಬೆಳೆಯುವವರು ಚೀಲಕ್ಕೆ ಚೀಟಿ ಕಟ್ಟಿ, ಬೇಗ ಕೆಡುವುದನ್ನು ಮೊದಲು ಬಳಸಿದರೆ ಅರ್ಧ ನಷ್ಟ ತಪ್ಪುತ್ತದೆ.

ತಿಂಗಳಿಗೊಮ್ಮೆ ನಾನು ಎಲ್ಲ ಚೀಲಗಳನ್ನೂ ಕೆಳಗಿಳಿಸಿ, ಒಂದೊಂದು ಗಡ್ಡೆಯನ್ನೂ ಕೈಗೆ ತೆಗೆದುಕೊಂಡು ಒತ್ತಿ ನೋಡುತ್ತೇನೆ. ಕೈ ಈ ಕೆಲಸವನ್ನು ಬಹಳ ಬೇಗ ಕಲಿಯುತ್ತದೆ. ತೂಕವಿಲ್ಲದ ಗಡ್ಡೆ, ಒಂದು ಬದಿಯಲ್ಲಿ ಮಾತ್ರ ಒಳಕ್ಕೆ ಕುಸಿಯುವ ಗಡ್ಡೆ, ಹೊರಗೆ ಚಂದವಿದ್ದೂ ಒಳಗೆ ಎಸಳು ಗಲಗಲ ಅನ್ನುವ ಗಡ್ಡೆ, ಇವು ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತವೆ. ಎಸಳಿನ ಮೇಲೆ ನೀಲಿಹಸಿರು ಪುಡಿ ಕಂಡರೆ ಪೆನಿಸಿಲಿಯಂ ಬೂಷ್ಟು. ಏಟು ತಿಂದ ಜಾಗದಿಂದಲೇ ಅದು ಹೊಕ್ಕಿರುತ್ತದೆ. ಸಿಪ್ಪೆಯ ಪದರಗಳ ನಡುವೆ ಮಸಿಯಂಥ ಕಪ್ಪು ಪುಡಿ ಆಸ್ಪರ್ಜಿಲಸ್ ನೈಜರ್‌ನದು, ಬಿಸಿ ಮತ್ತು ತೇವ ಎರಡೂ ಇದ್ದಲ್ಲಿ ಕಾಣಿಸುತ್ತದೆ. ಬುಡದ ತಟ್ಟೆ ಕಂದಾಗಿ, ಬೇರು ಮುಟ್ಟಿದರೆ ಉದುರಿ, ಎಸಳುಗಳು ಬುಡದಿಂದ ಮೇಲಕ್ಕೆ ಕೊಳೆಯುತ್ತಿದ್ದರೆ ಫ್ಯುಸೇರಿಯಂ. ಅದು ಹೊಲದಿಂದಲೇ ಗಡ್ಡೆಯ ಜೊತೆ ಬಂದದ್ದು, ಶೇಖರಣೆಯನ್ನು ದೂರಿ ಪ್ರಯೋಜನವಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳು ಎಸಳನ್ನು ಹೀರಿದರೆ ಅದು ಕೊಳೆಯದೆ, ವಾಸನೆಯೂ ಬಾರದೆ ಸುಮ್ಮನೆ ಒಣಗಿ ಬೆಂಡಾಗುತ್ತದೆ. ಯಾವ ಕಾರಣಕ್ಕೇ ಆಗಲಿ, ಕೆಟ್ಟದ್ದನ್ನು ತೆಗೆದು ಹಾಕುವುದು ಆಗಿಂದಾಗ್ಗೆ ಆಗಬೇಕಾದ ಕೆಲಸ. ಕೊಳೆತ ಗಡ್ಡೆಗಳನ್ನು ನಾನು ಗೊಬ್ಬರದ ಗುಂಡಿಗೆ ಹಾಕುವುದಿಲ್ಲ, ಏಕೆಂದರೆ ಬೆಳ್ಳುಳ್ಳಿಯ ಬಿಳಿ ಕೊಳೆರೋಗದ ಶಿಲೀಂಧ್ರ ಮಣ್ಣು ಸೇರಿದರೆ ಇಪ್ಪತ್ತು ವರ್ಷಗಳಷ್ಟು ಕಾಲ ಅಲ್ಲಿಯೇ ಬದುಕಿರಬಲ್ಲದು.

ಮೊಳೆಯಲು ತೊಡಗಿದ ಅಥವಾ ಮೆತ್ತಗಾಗುವ ಸೂಚನೆಯಿರುವ ಗಡ್ಡೆಗಳನ್ನು ಬೇರೆ ರೂಪದಲ್ಲಿ ಉಳಿಸಿಕೊಳ್ಳಬಹುದು. ಎಸಳನ್ನು ತೆಳುವಾಗಿ ಸೀಳಿ, ಸುಮಾರು 60 ಡಿಗ್ರಿ ಶಾಖದಲ್ಲಿ ಮುರಿದರೆ ಚಟಕ್ಕೆನ್ನುವಷ್ಟು ಒಣಗಿಸಿ ಡಬ್ಬದಲ್ಲಿಟ್ಟರೆ ಬಹುಕಾಲ ಇರುತ್ತದೆ. ಇದು ನಿಜಕ್ಕೂ ಒಣಗಿಸುವ ಕೆಲಸ, ಇಲ್ಲಿ ಎಸಳಿನ ಜೀವ ಉಳಿಸುವ ಉದ್ದೇಶವಿಲ್ಲ. ಜಜ್ಜಿ ಫ್ರೀಜರಿನಲ್ಲಿಯೂ ಇಡಬಹುದು. ಎಣ್ಣೆಯಲ್ಲಿ ಮುಳುಗಿಸಿಡುವ ವಿಷಯದಲ್ಲಿ ಮಾತ್ರ ನಾನು ಯಾರ ಮನೆಯಲ್ಲಿ ಕಂಡರೂ ಸುಮ್ಮನಿರಲಾರೆ. ಮಣ್ಣಿನಲ್ಲಿ ಬೆಳೆದ ಗಡ್ಡೆಯ ಮೈಯಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಗಾಳಿಯಲ್ಲಿ ಅವು ನಿರುಪದ್ರವಿ. ಎಣ್ಣೆ ಗಾಳಿಯನ್ನು ತಡೆಯುತ್ತದೆ, ಬೆಳ್ಳುಳ್ಳಿಯಲ್ಲಿ ಹುಳಿಯ ಅಂಶ ತೀರಾ ಕಡಿಮೆ, ಕೋಣೆಯ ಬೆಚ್ಚಗಿನ ವಾತಾವರಣ ಮೂರನೆಯದು. ಈ ಮೂರೂ ಕೂಡಿದರೆ ಆ ಬೀಜಕಣಗಳು ಮೊಳೆತು, ಗೊತ್ತಿರುವ ವಿಷಗಳಲ್ಲೇ ಅತ್ಯಂತ ತೀವ್ರವಾದ ಒಂದನ್ನು ಉತ್ಪಾದಿಸುತ್ತವೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. 1985ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ, ಫ್ರಿಜ್ಜಿನಲ್ಲಿಡದ ಎಣ್ಣೆಯ ಬೆಳ್ಳುಳ್ಳಿಯನ್ನು ತಿಂದ 36 ಮಂದಿ ಬೊಟುಲಿಸಂಗೆ ತುತ್ತಾದರು. 1989ರಲ್ಲಿ ನ್ಯೂಯಾರ್ಕ್ ರಾಜ್ಯದ ಕಿಂಗ್‌ಸ್ಟನ್‌ನಲ್ಲಿ ಮತ್ತೆ ಮೂವರಿಗೆ ಹಾಗಾಯಿತು, ಆ ಬಳಿಕ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಮಾರಾಟದ ಇಂಥ ಪದಾರ್ಥಗಳಿಗೆ ಆಮ್ಲ ಸೇರಿಸಬೇಕೆಂದು ನಿಯಮ ಮಾಡಿತು. ಮನೆಯಲ್ಲಿ ಎಣ್ಣೆಗೆ ಹಾಕಿದ್ದನ್ನು ಫ್ರಿಜ್ಜಿನಲ್ಲಿಟ್ಟು ನಾಲ್ಕು ದಿನದೊಳಗೆ ಮುಗಿಸಬೇಕು, ಹೆಚ್ಚು ದಿನ ಬೇಕಾದರೆ ಫ್ರೀಜರಿನಲ್ಲಿಡಬೇಕು. ಕಪಾಟಿನ ಮೇಲೆ ಅಂಥ ಸೀಸೆ ಇರಲೇಬಾರದು. ಹುಳಿಯಲ್ಲಿ ಹಾಕಿದ ಎಸಳು ಒಮ್ಮೊಮ್ಮೆ ನೀಲಿಹಸಿರು ಬಣ್ಣಕ್ಕೆ ತಿರುಗುವುದನ್ನು ಕಂಡು ಕೆಲವರು ಗಾಬರಿಯಾಗುತ್ತಾರೆ. ಅದು ಬೆಳ್ಳುಳ್ಳಿಯದೇ ಗಂಧಕದ ಸಂಯುಕ್ತಗಳಿಂದ ಆಗುವ ಬಣ್ಣ, ತಿನ್ನಲು ಅಡ್ಡಿಯಿಲ್ಲ.

ಬಿತ್ತನೆಗೆ ಎತ್ತಿಟ್ಟ ಗಡ್ಡೆಗಳ ಮಾತು ಉಳಿದಿದೆ. ಅವನ್ನು ಬಹುಕಾಲ ಬಾಳಿಸುವ ಗುರಿ ನಮಗಿಲ್ಲ. ಸರಿಯಾದ ದಿನ ಎಚ್ಚರಗೊಳ್ಳುವಂತೆ ಇಡಬೇಕು. ಎಸಳು ಮುಂದೆ ಗಡ್ಡೆ ಕಟ್ಟಬೇಕಾದರೆ ಅದಕ್ಕೆ ಕೆಲವು ವಾರಗಳ ತಂಪು ತಾಗಿರಬೇಕು. ಆ ತಂಪು ಹೊಲದಲ್ಲಿಯೇ ಚಳಿಗಾಲದಿಂದ ಸಿಗಬಹುದು, ಸಿಗದ ಕಡೆ ಶೇಖರಣೆಯಲ್ಲಿ ಒದಗಿಸಬೇಕಾಗುತ್ತದೆ. 10 ಡಿಗ್ರಿಯ ಆಸುಪಾಸು ಇದಕ್ಕೆ ಹೇಳಿ ಮಾಡಿಸಿದ ಉಷ್ಣತೆ. ಅಡುಗೆಯ ಗಡ್ಡೆಗೆ ಶತ್ರುವಾದ ಚಳಿಯೇ ಬಿತ್ತನೆಯ ಗಡ್ಡೆಗೆ ಬೇಕಾದದ್ದು ಎಂಬುದನ್ನು ಅರಿತ ಮೇಲೆ ಎರಡನ್ನೂ ಒಂದೇ ಕಡೆ ಇಡುವುದನ್ನು ನಾನು ನಿಲ್ಲಿಸಿದೆ. ತಂಪು ಸಾಲದ ಎಸಳು ಎಷ್ಟೋ ಸಲ ಬಿಡಿಬಿಡಿ ಎಸಳಾಗಿ ಒಡೆಯದೆ ಒಂದೇ ಗುಂಡಾಗಿ ಉಳಿಯುತ್ತದೆ. 4 ಡಿಗ್ರಿಗಿಂತ ಕೆಳಗೆ ಬಹುಕಾಲ ಇಟ್ಟರೆ ಗಡ್ಡೆ ಒರಟಾಗಿ, ಪಕ್ಕದಿಂದ ಮೊಳಕೆಯೊಡೆದು ಬರುತ್ತದೆ.

ಬಿತ್ತನೆಯ ಗಡ್ಡೆಗಳನ್ನು ನಾನು ನಾಟಿಯ ಹಿಂದಿನ ದಿನದವರೆಗೆ ಒಡೆಯುವುದಿಲ್ಲ. ಒಂದು ಗಡ್ಡೆಯಲ್ಲಿ ಅಡಗಿದ್ದ ಬೂಷ್ಟು ಒಡೆಯುವ ಹೊತ್ತಿನಲ್ಲಿಯೇ ಪಕ್ಕದ ಎಸಳುಗಳಿಗೆಲ್ಲ ಹರಡುತ್ತದೆ, ಒಡೆದಿಟ್ಟ ಎಸಳುಗಳು ಬೇಗ ಸೊರಗುತ್ತವೆ. ಹೋದ ಸಲ ಒಡೆಯಲು ಕುಳಿತಾಗ, ಹೆಬ್ಬೆರಳನ್ನು ಒಣ ಕತ್ತಿನ ಬಳಿ ಒತ್ತಿ ತಿರುವಿದ ಕೂಡಲೆ ಹೊರಸಿಪ್ಪೆಗಳು ಚರಚರನೆ ಬಿಟ್ಟುಕೊಂಡು, ಆರು ಎಸಳುಗಳು ಅಂಗೈಗೆ ಬಿದ್ದವು. ಪ್ರತಿಯೊಂದರ ಬುಡದ ತಟ್ಟೆಯ ಅಂಚಿನಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿ ಉಬ್ಬುಗಳು, ಬೇರುಗಳು ಹೊರಡಲಿರುವ ಜಾಗಗಳು, ಸಾಲಾಗಿ ಮೂಡಿದ್ದವು. ಮೈಯ ಸಿಪ್ಪೆ ಹರಿಯದಂತೆ ಅವನ್ನು ತಟ್ಟೆಯಲ್ಲಿ ಹರವಿ, ಚಿಕ್ಕವನ್ನು ಅಡುಗೆಗೆ ಆರಿಸಿ, ಮರುದಿನ ಬೆಳಿಗ್ಗೆ ಬುಡ ಕೆಳಗೆ, ಮೊನೆ ಮೇಲೆ ಮಾಡಿ, ಐದು ಸೆಂಟಿಮೀಟರ್ ಆಳಕ್ಕೆ ಇಳಿಸಿದೆ. ಒಳಗಿನ ಕೋಣೆಯ ಗೂಟದಲ್ಲಿ ಹಿಂದಿನ ಬೆಳೆಯ ಎರಡು ಬಲೆಚೀಲಗಳು ಇನ್ನೂ ತೂಗುತ್ತಿದ್ದವು. ಸಂಜೆ ಅವನ್ನು ಇಳಿಸಿ ಒತ್ತಿ ನೋಡಿದೆ, ಒಂದು ಗಡ್ಡೆ ಮಾತ್ರ ಮೆತ್ತಗಾಗಿತ್ತು.